ಕ್ರ್ಯಾಂಕ್ ಉಳಿಸಲು ತಾನು ಸವೆಯುವ ಲೋಹ

ಡೀಸೆಲ್ ಪಂಪ್‌ಸೆಟ್ಟಿನ ಎಂಜಿನ್ ಬಿಚ್ಚಿದಾಗ ಕ್ರ್ಯಾಂಕ್ ಶಾಫ್ಟಿಗೆ ಅಪ್ಪಿಕೊಂಡಂತೆ ಕೂತ ಬೇರಿಂಗನ್ನು ನೀವು ನೋಡಿರುತ್ತೀರಿ. ಚಾಕುವಿನಿಂದ ಗೀರಿದರೆ ಗೆರೆ ಬೀಳುವಷ್ಟು ಅದರ ಮೈ ಮೆತ್ತಗೆ. ಎಂಜಿನ್ನಿನ ಅಷ್ಟೂ ಹೊಡೆತ ಬೀಳುವ ಜಾಗಕ್ಕೆ ಇಂಥ ಲೋಹ ಯಾಕೆ?

ಇದರ ಕಥೆ 1839ರದು. ಆ ವರ್ಷ ಅಮೆರಿಕದ ಐಸಾಕ್ ಬ್ಯಾಬಿಟ್ ಎಂಬಾತ ಮೆತ್ತನೆ ಲೋಹದ ಒಳಪದರವಿರುವ ಬೇರಿಂಗಿಗೆ ಪೇಟೆಂಟ್ ಪಡೆದ. ನಮ್ಮ ಮೆಕ್ಯಾನಿಕ್‌ಗಳು ವೈಟ್ ಮೆಟಲ್ ಎನ್ನುವುದು ಈ ಜಾತಿಯ ಲೋಹಕ್ಕೇ. ಈಗ ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯಲ್ಲಿ ನೂರಕ್ಕೆ ಸುಮಾರು 89 ಭಾಗ ತವರ, ಉಳಿದದ್ದು ಆಂಟಿಮನಿ ಮತ್ತು ತಾಮ್ರ. ಚಿಕ್ಕಿಯಲ್ಲಿ ಬೆಲ್ಲದ ನಡುವೆ ಕಡಲೆಬೀಜ ಇದ್ದ ಹಾಗೆ, ಮೆತ್ತನೆ ತವರದ ನಡುವೆ ಗಟ್ಟಿ ಕಣಗಳಿರುತ್ತವೆ. ಎಣ್ಣೆಯ ಜೊತೆ ಮರಳಿನ ಕಣ ಬಂದರೆ ಅದು ತವರದೊಳಗೆ ಹೂತುಹೋಗುತ್ತದೆ, ಶಾಫ್ಟನ್ನು ಕೆರೆಯುವುದಿಲ್ಲ. ಎಣ್ಣೆ ನಿಂತುಹೋದರೆ ಮೊದಲು ಕರಗುವುದು ಬೇರಿಂಗ್. ಅಗ್ಗದ್ದು ಹೋಗಿ ದುಬಾರಿಯದ್ದು ಉಳಿಯಲಿ ಎಂಬ ಲೆಕ್ಕ.

ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರು ಮಾಡಿದ್ದು ಇದೇ ಲೋಹ ನಂಬಿ. ಅದು 20 ಅಶ್ವಶಕ್ತಿಯ ನಿಧಾನದ ಎಂಜಿನ್, ಆಯಿಲ್ ಪಂಪ್ ಕೂಡ ಇರಲಿಲ್ಲ. ಬೇರಿಂಗ್ ಸವೆದರೆ ಹಳೆಯದನ್ನು ತೆಗೆದು, ಹೊಸ ಲೋಹ ಕರಗಿಸಿ ಹೊಯ್ದು, ಕೆರೆದು ಕೂರಿಸುವ ಕೆಲಸ ಸಣ್ಣ ಗ್ಯಾರೇಜಿನಲ್ಲೇ ಆಗುತ್ತಿತ್ತು. ನನಗೆ ಈ ಕಥೆಯಲ್ಲಿ ದೊಡ್ಡದಾಗಿ ಕಾಣುವುದು ಅದೇ.

ಆದರೆ ವಿಮಾನದ ಎಂಜಿನ್‌ಗಳಿಗೆ ವೇಗವೂ ಬೇಕು, ಬಲವೂ ಬೇಕು. ತವರದ ಬೇರಿಂಗ್ 240 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗತೊಡಗುತ್ತದೆ. ಅದಕ್ಕೂ ಮೊದಲೇ, ಹೊಡೆತ ತಿಂದು ತಿಂದು ಬತ್ತಿದ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ಹಾಗಾಗಿ 1920-30ರ ದಶಕಗಳಲ್ಲಿ ಉಕ್ಕಿನ ತಗಡಿನ ಮೇಲೆ ತಾಮ್ರ-ಸೀಸದ ಪದರ ಕೂರಿಸಿದ ಬೇರಿಂಗ್ ಬಂತು. ಅದು ಬಿರುಕು ಬಿಡದೆ ತಡೆಯಿತು. ಆದರೆ ಗಟ್ಟಿ ಇದ್ದುದರಿಂದ ಮರಳಿನ ಕಣ ಅದರಲ್ಲಿ ಸುಲಭಕ್ಕೆ ಹೂತುಹೋಗದು. ಆಗ ಕೆರೆಸಿಕೊಳ್ಳುವ ಸರದಿ ಕ್ರ್ಯಾಂಕಿನದು. ಬೇರಿಂಗ್ ಬದಲಾದ ತಪ್ಪಿಗೆ ಕ್ರ್ಯಾಂಕಿನ ಮೈಯನ್ನೂ ಗಟ್ಟಿ ಮಾಡಬೇಕಾಯಿತು.

ಕ್ರ್ಯಾಂಕ್ ಮಾಡುವ ವಿಧಾನದಲ್ಲೂ ಎರಡು ದಾರಿ. ಹಿಂದೆ ನೇಗಿಲಿಗೆ ಬಾಗಿ ಬೆಳೆದ ಕೊಂಬೆಯನ್ನೇ ಹುಡುಕುತ್ತಿದ್ದರಲ್ಲ, ಮರದ ಎಳೆ ತುಂಡಾಗಬಾರದೆಂದು? ಕೆಂಪಗೆ ಕಾಯಿಸಿ ಅಚ್ಚಿನಲ್ಲಿ ಬಡಿದ ಉಕ್ಕಿನ ಕ್ರ್ಯಾಂಕಿನಲ್ಲೂ ಲೋಹದ ಎಳೆ ತಿರುವಿನ ಜೊತೆಗೇ ತಿರುಗುತ್ತದೆ. ಎರಕ ಹೊಯ್ದರೆ ಖರ್ಚು ಕಡಿಮೆ, ಆದರೆ ಮಾಮೂಲಿ ಬೀಡುಕಬ್ಬಿಣ ಹೊಡೆತಕ್ಕೆ ಮುರಿಯುತ್ತದೆ. ಫೋರ್ಡ್ 1930ರ ದಶಕದಲ್ಲಿ ವಿ-8 ಎಂಜಿನ್ನಿಗೆ ವಿಶೇಷ ಮಿಶ್ರಲೋಹದ ಎರಕದ ಕ್ರ್ಯಾಂಕ್ ತಂದಿತು. 1943ರಲ್ಲಿ ಕೀತ್ ಮಿಲ್ಲಿಸ್ ಕರಗಿದ ಕಬ್ಬಿಣಕ್ಕೆ ಮೆಗ್ನೀಸಿಯಂ ಸೇರಿಸಿ, ಅದರೊಳಗಿನ ಗ್ರಾಫೈಟ್ ಚಕ್ಕೆಗಳ ಬದಲು ಗುಂಡಗಾಗುವಂತೆ ಮಾಡಿದರು. ಮುಂದೆ ಎಷ್ಟೋ ಕಾರುಗಳ ಕ್ರ್ಯಾಂಕ್ ಈ ಎರಕದಿಂದಲೇ ಬಂದವು.

ಈಗ ಬೇರಿಂಗ್ ಡಬ್ಬಿಯಲ್ಲಿ ಬರುತ್ತದೆ. ಕ್ರ್ಯಾಂಕ್ ಸವೆದರೆ ಪೇಟೆಗೆ ಒಯ್ದು 0.25 ಅಥವಾ 0.50 ಮಿ.ಮೀ. ಗ್ರೈಂಡ್ ಮಾಡಿಸಿ, ಆ ಅಳತೆಯ ಬೇರಿಂಗ್ ಹಾಕುತ್ತಾರೆ. ಮೈ ಗಟ್ಟಿ ಮಾಡಿದ ಕೆಲವು ಕ್ರ್ಯಾಂಕುಗಳಲ್ಲಿ ಆ ಗಟ್ಟಿ ಪದರ ಅರ್ಧ ಮಿ.ಮೀ.ಗಿಂತ ತೆಳ್ಳಗಿರುತ್ತದೆ. ಗ್ರೈಂಡ್ ಮಾಡಿಸುವ ಮೊದಲೇ ಅದನ್ನು ಕೇಳಿ ತಿಳಿದುಕೊಳ್ಳಿ. ಪದರ ಪೂರ್ತಿ ಹೋದರೆ, ಮತ್ತೆ ಗಟ್ಟಿ ಮಾಡಿಸದೆ ಕೂರಿಸಿದ ಕ್ರ್ಯಾಂಕ್ ಹೆಚ್ಚು ದಿನ ಬಾಳುವುದಿಲ್ಲ.