ಸತ್ತ ಸೈನಿಕನ ಹೆಸರೇನು?

ಜನಪ್ರಿಯ ಕಾದಂಬರಿಯೊಂದು ಸಿನಿಮಾ ಆದಾಗ ಓದುಗರಲ್ಲಿ ಎರಡು ಬಣಗಳಾಗುತ್ತವೆ. ಪುಸ್ತಕವೇ ಚೆನ್ನಾಗಿತ್ತು ಎನ್ನುವವರು ಒಂದು ಕಡೆ. ಪುಸ್ತಕ ಓದದವರಿಗೂ ಕತೆ ತಲುಪಿತಲ್ಲ ಎನ್ನುವವರು ಇನ್ನೊಂದು ಕಡೆ. ಜೆ.ಆರ್.ಆರ್. ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕುರಿತ ಈ ಜಗಳಕ್ಕೆ ಅರ್ಧ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ.

1954-55ರಲ್ಲಿ ಮೂರು ಸಂಪುಟಗಳಾಗಿ ಬಂದ ಈ ಕಾದಂಬರಿಯನ್ನು ಆಧರಿಸಿದ ಚಿತ್ರಕಥೆಯೊಂದನ್ನು 1958ರಲ್ಲಿ ಸ್ವತಃ ಲೇಖಕರೇ ಓದಿ ಬೇಸರಪಟ್ಟಿದ್ದರು. ಕಾದಾಟಗಳಿಗೆ ಅತಿ ಪ್ರಾಧಾನ್ಯ, ಕತೆಯ ಜೀವಾಳದ ಬಗ್ಗೆ ಅಸಡ್ಡೆ ಎಂಬುದು ಅವರ ದೂರು. ಆ ಚಿತ್ರ ತಯಾರಾಗಲಿಲ್ಲ. ಟೋಲ್ಕಿನ್ 1973ರಲ್ಲಿ ತೀರಿಕೊಂಡರು. ಪ್ಯಾಲೆಸ್ತೀನಿನ ಹೈಫಾದಲ್ಲಿ ಹುಟ್ಟಿದ ರಾಲ್ಫ್ ಬಕ್ಷಿ 1978ರಲ್ಲಿ ತಂದ ಅನಿಮೇಷನ್ ಚಿತ್ರವು ಕತೆಯ ನಡುವೆಯೇ ನಿಂತುಹೋಯಿತು. ಕೊನೆಗೆ ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ 2001ರಿಂದ 2003ರವರೆಗೆ ಮೂರು ಚಿತ್ರಗಳನ್ನು ಬಿಡುಗಡೆ ಮಾಡಿದರು. ಮೂರನೆಯದು 11 ಆಸ್ಕರ್‌ಗಳನ್ನು ಗೆದ್ದಿತು. ಆದರೆ ಲೇಖಕರ ಮಗ ಕ್ರಿಸ್ಟೋಫರ್ ಟೋಲ್ಕಿನ್ ಒಪ್ಪಲಿಲ್ಲ. ತಂದೆಯ ಕೃತಿಯನ್ನು ಹುಡುಗರ ಹೊಡೆದಾಟದ ಚಿತ್ರವಾಗಿಸಿದ್ದಾರೆ ಎಂದು ಅವರು 2012ರಲ್ಲಿ ಫ್ರೆಂಚ್ ಪತ್ರಿಕೆಯೊಂದಕ್ಕೆ ಹೇಳಿದರು.

ಈ ಮಾತಿನಲ್ಲಿ ಸತ್ಯವೆಷ್ಟು? ಒಂದು ಸಣ್ಣ ಪ್ರಸಂಗವನ್ನು ನೋಡೋಣ. ಕಾದಂಬರಿಯಲ್ಲಿ ತೋಟದ ಮಾಲಿ ಸ್ಯಾಮ್ ಮೊದಲ ಬಾರಿಗೆ ಮನುಷ್ಯ ಮನುಷ್ಯರ ನಡುವಿನ ಯುದ್ಧವನ್ನು ಕಾಣುತ್ತಾನೆ. ಶತ್ರುಪಡೆಯ ದಕ್ಷಿಣ ದೇಶದ ಕಂದುಬಣ್ಣದ ಸೈನಿಕನೊಬ್ಬ ಅವನ ಹತ್ತಿರವೇ ಸತ್ತು ಬೀಳುತ್ತಾನೆ. ಇವನ ಹೆಸರೇನಿರಬಹುದು, ಎಲ್ಲಿಂದ ಬಂದ, ನಿಜಕ್ಕೂ ಕೆಟ್ಟವನೇ, ಯಾರ ಸುಳ್ಳು ಅಥವಾ ಬೆದರಿಕೆ ಇವನನ್ನು ಮನೆಯಿಂದ ಇಷ್ಟು ದೂರ ಎಳೆದು ತಂದಿತು ಎಂದು ಸ್ಯಾಮ್ ಯೋಚಿಸುತ್ತಾನೆ. 1916ರಲ್ಲಿ ಸೊಮ್ ರಣರಂಗದಲ್ಲಿದ್ದ, ಆ ಮಹಾಯುದ್ಧದಲ್ಲಿ ಆಪ್ತ ಗೆಳೆಯರನ್ನು ಕಳೆದುಕೊಂಡ ಲೇಖಕರಿಗೆ ಈ ಪ್ರಶ್ನೆ ಹೊಸದಾಗಿರಲಾರದು.

2002ರ ಡಿಸೆಂಬರಿನಲ್ಲಿ ಚಿತ್ರಮಂದಿರಕ್ಕೆ ಬಂದ ಎರಡನೇ ಚಿತ್ರದಲ್ಲಿ ಈ ಮಾತು ಇರಲಿಲ್ಲ. ಮುಖ ಮುಚ್ಚಿ ಬಟ್ಟೆ ಸುತ್ತಿಕೊಂಡ, ದೈತ್ಯ ಆನೆಗಳ ಮೇಲೆ ಬರುವ ದಕ್ಷಿಣದವರು ಮಾತ್ರ ಇದ್ದರು. ಅಫ್ಘಾನಿಸ್ತಾನದಲ್ಲಿ ಯುದ್ಧ ನಡೆಯುತ್ತಿದ್ದ, ಇರಾಕಿನ ಮೇಲೆ ಯುದ್ಧದ ಸಿದ್ಧತೆಯಾಗುತ್ತಿದ್ದ ದಿನಗಳವು. ಆ ವೇಷ ಯಾರನ್ನು ನೆನಪಿಸಿತೆಂದು ಬಿಡಿಸಿ ಹೇಳಬೇಕಿಲ್ಲ. ಮುಂದೆ ಡಿವಿಡಿಯಲ್ಲಿ ಬಂದ ವಿಸ್ತೃತ ಆವೃತ್ತಿಯಲ್ಲಿ ಆ ಮಾತನ್ನು ಸೇರಿಸಲಾಯಿತು. ಆದರೆ ಅಲ್ಲಿ ಅದು ಮಾಲಿಯ ಮನಸ್ಸಿನಿಂದ ಸೇನಾಧಿಪತಿ ಫರಾಮಿರ್‌ನ ಬಾಯಿಗೆ ಬಂದಿತ್ತು.

ಹಾಗೆಂದು ತಪ್ಪೆಲ್ಲ ಸಿನಿಮಾದ್ದೇ ಎನ್ನುವುದು ನ್ಯಾಯವಲ್ಲ. ಪೂರ್ವ ಮತ್ತು ದಕ್ಷಿಣದ ಜನರನ್ನು ಕೇಡಿನ ಪಕ್ಷದಲ್ಲಿ ನಿಲ್ಲಿಸಿದ್ದು ಪುಸ್ತಕವೇ. ಇದಕ್ಕಾಗಿ ಟೀಕಾಕಾರರು ಟೋಲ್ಕಿನ್‌ರನ್ನು ಪ್ರಶ್ನಿಸಿದ್ದಾರೆ. ಅಭಿಮಾನಿಗಳು 1938ರ ಪತ್ರವೊಂದನ್ನು ಮುಂದಿಡುತ್ತಾರೆ. ನೀವು ಆರ್ಯರೇ ಎಂದು ಕೇಳಿದ ಜರ್ಮನ್ ಪ್ರಕಾಶಕರಿಗೆ ಟೋಲ್ಕಿನ್ ಬರೆದ ಉತ್ತರದ ಕರಡದು. ನನ್ನ ಪೂರ್ವಜರು ಯಾರೂ ಹಿಂದೂಸ್ತಾನಿಯನ್ನಾಗಲಿ ಪಾರ್ಸಿಯನ್ನಾಗಲಿ ಆಡುತ್ತಿರಲಿಲ್ಲವಲ್ಲ ಎಂದು ಅವರು ಅದರಲ್ಲಿ ಕುಟುಕಿದ್ದರು, ಯಹೂದಿ ಪೂರ್ವಜರು ತಮಗಿಲ್ಲವೆಂದು ವಿಷಾದಿಸಿದ್ದರು. ಜನಾಂಗದ್ವೇಷವನ್ನು ಹೀಗೆ ಧಿಕ್ಕರಿಸಿದವರ ಕತೆಯಲ್ಲೂ ಕಾಲದ ಪೂರ್ವಗ್ರಹ ನುಸುಳಬಹುದು. ಎರಡೂ ನಿಜ.

ಪುಸ್ತಕಕ್ಕೆ ಸಿನಿಮಾ ಎಷ್ಟು ನಿಷ್ಠವಾಗಿದೆ ಎಂದು ಅಳೆಯುವಾಗ ನಾವು ಬಿಟ್ಟುಹೋದ ಪಾತ್ರಗಳನ್ನು ಎಣಿಸುತ್ತೇವೆ. ಬಿಟ್ಟುಹೋದ ಅನುಕಂಪವನ್ನೂ ಎಣಿಸಬೇಕು. ಶತ್ರುವಿನ ಹೆಸರು ಕೇಳುವ ಮಾಲಿಯೊಬ್ಬ ಪ್ರತಿ ಯುದ್ಧದ ಕತೆಯಲ್ಲೂ ಇರಬೇಕಲ್ಲವೇ?