ನೋಟಿಸಿನ ಬಲ: ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಲೇಜು ಕಾರಕೂನರು ಮತ್ತು ವೇತನ ಮುಷ್ಕರ

ಮುಷ್ಕರದ ಚರಿತ್ರೆ ಬರೆಯುವವರು ಕೆಲಸ ನಿಂತ ದಿನಗಳನ್ನು ಎಣಿಸುತ್ತಾರೆ. ಕರ್ನಾಟಕದ ಸರ್ಕಾರಿ ನೌಕರರ ಇತ್ತೀಚಿನ ವೇತನ ಹೋರಾಟಗಳಿಗೆ ಈ ಲೆಕ್ಕ ಒಗ್ಗುವುದಿಲ್ಲ. 2023ರ ಮಾರ್ಚ್ 1ರಂದು ಮುಷ್ಕರ ಶುರುವಾಯಿತು. ಮೂಲವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರದ ಆದೇಶ ಅದೇ ದಿನ ಹೊರಬಿತ್ತು, ಮುಷ್ಕರವೂ ಅಂದೇ ಮುಗಿಯಿತು. 2024ರ ಜುಲೈಯಲ್ಲಿ ಅಷ್ಟೂ ಬೇಕಾಗಲಿಲ್ಲ. ಅನಿರ್ದಿಷ್ಟಾವಧಿ ಮುಷ್ಕರದ ಎಚ್ಚರಿಕೆಯ ನಡುವೆಯೇ ಸಚಿವ ಸಂಪುಟ ಕೆ. ಸುಧಾಕರ ರಾವ್ ನೇತೃತ್ವದ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸನ್ನು ಒಪ್ಪಿತು. ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿ, ಆಗಸ್ಟ್ 1ರಿಂದ ಜಾರಿಗೆ ಬಂತು. ಇಲ್ಲಿ ಫಲ ಕೊಟ್ಟದ್ದು ಮುಷ್ಕರಕ್ಕಿಂತ ಹೆಚ್ಚಾಗಿ ಅದರ ಸಿದ್ಧತೆ. ಆದರೆ ಆ ಫಲ ಕಚೇರಿಯ ಯಾವ ಕುರ್ಚಿಯವರೆಗೆ ತಲುಪಿತು?

ಶಿರಸಿಯ ಎಂ.ಎಂ. ಕಾಲೇಜು, ಸಿದ್ದಾಪುರದ ಎಂ.ಜಿ.ಸಿ. ಕಾಲೇಜು, ಯಲ್ಲಾಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ವಿಶ್ವವಿದ್ಯಾಲಯವೆಂದರೆ ಧಾರವಾಡ. ಶಿರಸಿಯ ಅರಣ್ಯ ಮಹಾವಿದ್ಯಾಲಯ ಅದೇ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ವಿದ್ಯಾರ್ಥಿಯ ಮಟ್ಟಿಗೆ ವಿಶ್ವವಿದ್ಯಾಲಯ ಕಾಣುವುದು ಕಾಲೇಜು ಕಚೇರಿಯ ಕಿಟಕಿಯಲ್ಲೇ: ಪ್ರವೇಶ, ಪರೀಕ್ಷಾ ಅರ್ಜಿ, ಅಂಕಪಟ್ಟಿ ತಿದ್ದುಪಡಿ, ವಿದ್ಯಾರ್ಥಿವೇತನ. ಆ ಕಿಟಕಿಯ ಹಿಂದೆ ಕೂತವರಿಗೆ ಸಂಬಳ ಮಾತ್ರ ಒಂದೇ ಕಡೆಯಿಂದ ಬರುವುದಿಲ್ಲ. ಸರ್ಕಾರಿ ನೌಕರ, ಅನುದಾನಿತ ನೌಕರ, ಆಡಳಿತ ಮಂಡಳಿಯೇ ಸಂಬಳ ಕೊಡುವವ, ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಹೀಗೆ ನಾಲ್ಕು ಬಗೆಯವರಿದ್ದಾರೆ. ವೇತನ ಆಯೋಗದ ವ್ಯಾಪ್ತಿಗೆ ಅನುದಾನಿತ ಸಂಸ್ಥೆಗಳೂ ವಿಶ್ವವಿದ್ಯಾಲಯಗಳ ಬೋಧಕೇತರ ಸಿಬ್ಬಂದಿಯೂ ಸೇರುತ್ತಾರೆ. ಆದ್ದರಿಂದ ಮೊದಲ ಇಬ್ಬರಿಗೆ ಏರಿಕೆ ಸಿಕ್ಕಿತು. ದ್ವಿತೀಯ ದರ್ಜೆ ಸಹಾಯಕರ ವೇತನಶ್ರೇಣಿಯ ಆರಂಭ 21,400ರಿಂದ 34,100ಕ್ಕೆ ಬಂತು. ಉಳಿದಿಬ್ಬರ ಕೆಲಸ ಅದೇ, ಕಡತ ಅದೇ. ಆದರೆ ಆಯೋಗದ ವರದಿಯ ಯಾವ ಶ್ರೇಣಿಯೂ ಅವರದ್ದಲ್ಲ.

ಈ ಒಡಕು ಮುಷ್ಕರದ ಬಲವನ್ನೇ ಬದಲಿಸಿದೆ. ಹಿಂದೆ ಕಾರಕೂನ ಬೀರುವಿನ ಬೀಗದಕೈ ಮನೆಗೊಯ್ದರೆ ಕಚೇರಿ ನಿಲ್ಲುತ್ತಿತ್ತು. 2021ರಿಂದ ಈಚೆಗೆ ಪ್ರವೇಶ, ಪರೀಕ್ಷೆಗಳು ವಿಶ್ವವಿದ್ಯಾಲಯ-ಕಾಲೇಜುಗಳ ಏಕೀಕೃತ ಆನ್‌ಲೈನ್ ತಂತ್ರಾಂಶವಾದ ಯುಯುಸಿಎಂಎಸ್‌ಗೆ ಹೋದ ಮೇಲೆ ಲಾಗಿನ್ ಇದ್ದವನ ಕೈಯೇ ಮೇಲು. ಆ ಲಾಗಿನ್‌ನಲ್ಲಿ ಹೊರಗುತ್ತಿಗೆಯವ ಕೂತರೆ ಕಾಯಂ ನೌಕರನ ಗೈರುಹಾಜರಿ ಅರ್ಧ ನಷ್ಟವಷ್ಟೆ. ಆ ಹೊರಗುತ್ತಿಗೆಯವನನ್ನು ಮುಷ್ಕರಕ್ಕೆ ಹೊರಗೆಳೆಯುವ ನೈತಿಕ ಒತ್ತಡವೂ ಸುಲಭವಲ್ಲ. 1930ರ ದಶಕದ ಕರನಿರಾಕರಣೆಯಲ್ಲಿ ಸಿದ್ದಾಪುರದ ಮಾವಿನಗುಂಡಿಯಲ್ಲಿ ಮಹಿಳೆಯರು, ಜಪ್ತಿಯಾದ ಆಸ್ತಿ ಕೊಂಡವರ ಮನೆಯೆದುರು ಉಪವಾಸ ಕೂತರು. ನಷ್ಟ ಎಲ್ಲರದಾಗಿತ್ತು, ಹಾಗಾಗಿ ನಾಚಿಕೆ ಕೆಲಸ ಮಾಡಿತು. ಏರಿಕೆಯಲ್ಲಿ ಪಾಲೇ ಇಲ್ಲದವನೆದುರು ಹಾಗೆ ಕೂರಲು ಯಾವ ಮುಖ?

ಬೋಧಕರಲ್ಲೂ ಇದೇ ಭೇದ ಕಾಣುತ್ತದೆ. ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು 2023ರ ನವೆಂಬರಿನಿಂದ ವಾರಗಟ್ಟಲೆ ತರಗತಿ ಬಹಿಷ್ಕರಿಸಿದ ಮೇಲೆ ಸಿಕ್ಕಿದ್ದು 5,000ದಿಂದ 8,000 ರೂಪಾಯಿಗಳ ಗೌರವಧನ ಹೆಚ್ಚಳ, ಕಾಯಮಾತಿ ಸಿಗಲಿಲ್ಲ. ಕಾಯಂ ನೌಕರನ ನೋಟಿಸಿಗೆ ಇರುವ ತೂಕ ಇವರ ಮುಷ್ಕರಕ್ಕೂ ಇರಲಿಲ್ಲ.

ಕಾನೂನಿನ ಮಟ್ಟಿಗೆ ಲೆಕ್ಕ ತಲೆಕೆಳಗು. ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2003ರ ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ ಹೇಳಿತು. ಆದರೆ ಅದೇ ಕೋರ್ಟ್ 1978ರಲ್ಲಿ, ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ, ಶಿಕ್ಷಣ ಸಂಸ್ಥೆಯೂ ‘ಉದ್ಯಮ’ವೆಂದಿತ್ತು; ಉದ್ಯಮದ ‘ಕಾರ್ಮಿಕ’ನಿಗೆ ಕಾನೂನಿನಡಿ ಮುಷ್ಕರದ ಹಕ್ಕಿರುತ್ತದೆ. 1988ರ ಸುಂದರಾಂಬಾಳ್ ತೀರ್ಪು ಶಿಕ್ಷಕರನ್ನು ‘ಕಾರ್ಮಿಕ’ರೆಂದು ಒಪ್ಪಲಿಲ್ಲ; ಗುಮಾಸ್ತನಿಗೆ ಆ ಅಡ್ಡಿಯಿಲ್ಲ. ಆ ತೀರ್ಪುಗಳ ಪ್ರಕಾರ ಮುಷ್ಕರದ ಹೆಚ್ಚು ಗಟ್ಟಿಯಾದ ಹಕ್ಕು ಖಾಸಗಿ ಆಡಳಿತ ಮಂಡಳಿಯ ಗುಮಾಸ್ತನದು. ಬಳಸುವ ಧೈರ್ಯವಿರುವುದು ಹಕ್ಕಿಲ್ಲದ ಕಾಯಂ ನೌಕರನಿಗೆ, ಏಕೆಂದರೆ ಅವನ ಕೆಲಸಕ್ಕೆ ಭದ್ರತೆಯಿದೆ. ಹೊರಗುತ್ತಿಗೆಯವನ ಪಾಡು ಇನ್ನೊಂದು ಬಗೆ. ಅವನ ನೋಟಿಸು ಹೋಗಬೇಕಾದ್ದು ಗುತ್ತಿಗೆದಾರನಿಗೆ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಮೂಲ ಉದ್ಯೋಗದಾತನ ಮೇಲೆ ಹೊರಿಸಿದ್ದು ಗುತ್ತಿಗೆದಾರ ಬಾಕಿ ಉಳಿಸಿದ ಕೂಲಿಯ ಹೊಣೆಯನ್ನು. ಆ ಕಲಮಿನ ಬಲದಿಂದ ಪ್ರಾಂಶುಪಾಲರ ಕೊಠಡಿಗೆ ಹೋದವನು ತಡವಾದ ಸಂಬಳ ಕೇಳಬಹುದಾಗಿತ್ತು, ಏರಿಕೆ ಕೇಳಲು ಅಲ್ಲಿ ಜಾಗವಿರಲಿಲ್ಲ.