ಸದಕ ಗೋಧಿ

ಹೊಟ್ಟು ಬಿಡದ ಪುರಾತನ ಗೋಧಿ. ಸಸ್ಯನಾಮ ಟ್ರಿಟಿಕಂ ಡೈಕಾಕಂ. ಜವೆ ಗೋಧಿ ಎಂದೂ ಕರೆಯುವುದುಂಟು, ಮರಾಠಿಯಲ್ಲಿ ಖಪ್ಲಿ. ಮಹಾರಾಷ್ಟ್ರದ ಠಾಣೆ, ಡೊಂಬಿವಲಿಯ ಅಂಗಡಿಗಳಲ್ಲಿ ಸದಕ ಎಂದು ಕೇಳಿದರೆ ಸಿಗಲಿಕ್ಕಿಲ್ಲ, ಖಪ್ಲಿ ಎನ್ನಬೇಕು. ಪಶ್ಚಿಮ ಏಷ್ಯಾದಲ್ಲಿ ಸುಮಾರು 10,000 ವರ್ಷಗಳ ಹಿಂದೆಯೇ ಬೇಸಾಯಕ್ಕೆ ಬಂದ ಇದರ ವರ್ಣತಂತುಗಳು 28. ಸಾಮಾನ್ಯ ಗೋಧಿಯವು 42. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಮತ್ತು ಗಡಿಯಾಚೆಯ ಸಾಂಗ್ಲಿ, ಸಾತಾರಾ ಇದರ ನೆಲೆ.

ತೆನೆ ಬಡಿದರೆ ಕಾಳು ಬಿಡಿಯಾಗದು. ಸಾಮಾನ್ಯವಾಗಿ ಎರಡೆರಡು ಕಾಳು ಒಂದೇ ಕವಚದೊಳಗೆ ಹಾಗೇ ಉಳಿಯುತ್ತವೆ. ಅಡುಗೆಗೆ ಕುಟ್ಟಿಯೋ ಗಿರಣಿಗೆ ಹಾಕಿಯೋ ಹೊಟ್ಟು ತೆಗೆಯಬೇಕು, ಬಿತ್ತನೆಗೆ ಹೊಟ್ಟು ಸಮೇತವೇ ಲೇಸು. ತುಕ್ಕುರೋಗ ತಾಳುವುದರಿಂದ ಸಾವಯವ ಹೊಲಕ್ಕೆ ಒಗ್ಗುತ್ತದೆ. ಹಳೆಯ ತಳಿಗಳ ದೋಷ ಎತ್ತರ. ಗಾಳಿ ಬೀಸಿದರೆ ನೆಲಕ್ಕೊರಗುತ್ತಿದ್ದವು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಗಿಡ್ಡ ತಳಿಗಳಾದ ಡಿಡಿಕೆ 1025, ಡಿಡಿಕೆ 1029, ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯ ಎಂಎಸಿಎಸ್ 2971 ಈ ಕೊರತೆ ನೀಗಿದವು. ಇಂಥ ತಳಿಗಳನ್ನು ರೈತರ ಹೊಲದಲ್ಲೇ ಮುಂಚೂಣಿ ಪ್ರಾತ್ಯಕ್ಷಿಕೆಯಾಗಿ ಬೆಳೆದು ನೋಡುತ್ತಾರೆ. ವಿಜ್ಞಾನಿಗೆ ಇಳುವರಿ ಮುಖ್ಯ; ರೈತರ ಮನೆಯಲ್ಲಿ ಕೊನೆಯ ಪರೀಕ್ಷೆ ಗೋಧಿ ಹುಗ್ಗಿಯ ಪಾತ್ರೆಯಲ್ಲಿ. ಗ್ಲುಟೆನ್ ಒಗ್ಗದವರಿಗೆ ಸದಕವೂ ವರ್ಜ್ಯ, ಪೊಟ್ಟಣದ ಮೇಲೆ ಏನೇ ಬರೆದಿರಲಿ.